ಮಿಕ್ಕರ್ಧ ಓದಲು ಬಂದವರು

ಹೋದ ನವೆಂಬರಿನಲ್ಲಿ, ಮೃತರನ್ನು ನೆನೆಯುವ ದಿನ, ಕೊಳ್ಳೇಗಾಲದ ನಮ್ಮ ಚರ್ಚಿನವರೆಲ್ಲ ಎಂದಿನಂತೆ ಸಮಾಧಿ ಭೂಮಿಯಲ್ಲಿ ಸೇರಿದ್ದೆವು. ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಫಾದರ್ ಒಂದೊಂದಾಗಿ ಓದಿದರು. ಅಕ್ಕನ ಹೆಸರು ಅದರಲ್ಲಿ ಇರಲಿಲ್ಲ. ಇರುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಹಿಂದಿನ ದಿನ ಕೇಳಿದಾಗ ಫಾದರ್ ನೊಂದುಕೊಂಡೇ ಹೇಳಿದ್ದರು: “ಅವರಿಗಾಗಿ ನಾನು ಪ್ರಾರ್ಥನೆ ಮಾಡ್ತೀನಿ ಟೀಚರ್. ಹೆಸರು ಓದೋಕಾಗಲ್ಲ. ಅವರು ನಮ್ಮವರಾಗಿರಲಿಲ್ಲವಲ್ಲ.”

ಇಲ್ಲಿಯೂ ನಾನು ಅವರ ಹೆಸರು ಬರೆಯುತ್ತಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ, ಹೆಸರೊಂದು ಬೇಡ, ಮಿಕ್ಕಿದ್ದು ನಿಮ್ಮಿಷ್ಟ ಎಂದು ಅವರ ಮಗ ಹೇಳಿದ್ದಾನೆ. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಅಕ್ಕ ಎಂದೇ. ಶಾಗ್ಯದಲ್ಲಿ ಬಸ್ಸಿಳಿದು ಸ್ವಲ್ಪ ನಡೆಯಬೇಕಾದ ಒಂದು ಹಳ್ಳಿ ಅವರದು. ಹೊಲ, ಬೋರ್‌ವೆಲ್ಲು, ಟ್ರ್ಯಾಕ್ಟರು ಇದ್ದ ಶಿವಭಕ್ತರ ಮನೆತನ. ತವರು ಯಳಂದೂರು.

ಅವರು ಮೊದಲ ಸಲ ಬಂದದ್ದು ಒಂದು ಭಾನುವಾರ. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳಾದ್ದರಿಂದ ಚರ್ಚಿನ ಪುಸ್ತಕದ ಬೀರು ನನ್ನ ಪಾಲಿಗೆ ಬಂದಿತ್ತು. ಪೂಜೆ ಮುಗಿದ ಮೇಲೆ ಹಿಂಬದಿಯ ಕೋಣೆಯಲ್ಲಿ ಬೀರು ತೆರೆದುಕೊಂಡು ಕೂರುತ್ತಿದ್ದೆ. ಪ್ರಾರ್ಥನೆ ಮಾಡುವುದು ಹೇಗೆ, ಕಷ್ಟದಲ್ಲಿ ನಂಬಿಕೆ ಉಳಿಸಿಕೊಳ್ಳುವುದು ಹೇಗೆ, ಸಂತರ ಬದುಕು, ಇಂಥ ತೆಳ್ಳನೆಯ ಪುಸ್ತಕಗಳು. ಒಯ್ಯುವವರು ಕಡಿಮೆ, ಹಿಂದಿರುಗಿಸುವವರು ಇನ್ನೂ ಕಡಿಮೆ. ಅವತ್ತು ಬಾಗಿಲಲ್ಲಿ ಒಬ್ಬ ಎತ್ತರದ ಹೆಂಗಸು ನಿಂತಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬೆಳ್ಳಿಯ ಲಿಂಗದ ಕರಡಿಗೆ. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದಿದ್ದರು.

“ಒಂದ್ ಪುಸ್ತಕ ಅರ್ಧ ಓದಿವ್ನಿ ಕಣವ್ವ. ಮಿಕ್ಕರ್ಧ ಬೇಕಾಗಿತ್ತು” ಅಂದರು.

ಯಾವ ಪುಸ್ತಕ ಎಂದು ಕೇಳಿದೆ.

“ಹೆಸ್ರು ನೋಡ್ಲಿಲ್ಲ. ಕಾಮಗೆರೆ ಆಸ್ಪತ್ರೇಲಿ ಸಿಸ್ಟರು ಕೊಟ್ಟಿದ್ರು. ನೋವಾದಾಗ ದೇವ್ರು ಎಲ್ಲಿರ್ತಾನೆ ಅಂತ ಬರ್ದಿತ್ತು. ಎಲ್ಲಿರ್ತಾನೆ ಅಂತ ಏಳೋಕ್ ಮುಂಚೇನೇ ನನ್ ಮಗ್ಳು ಓಗ್ಬುಟ್ಲು.”

ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದವಳು. ರಕ್ತದ ಕಾಯಿಲೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಮಲಗಿ ಬೇಸತ್ತು, ಏನಾದರೂ ಓದವ್ವ ಎಂದು ಹಟ ಹಿಡಿದಿದ್ದಳಂತೆ. ಅಕ್ಕ ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ಕ್ಲಾಸು. ಮದುವೆಯಾದ ಮೇಲೆ ಗೊಬ್ಬರದ ಚೀಲ, ಮದುವೆ ಕರೆಯೋಲೆ ಬಿಟ್ಟರೆ ಬೇರೇನೂ ಓದಿದವರಲ್ಲ. ಸಿಸ್ಟರ್ ಕೊಟ್ಟ ಪುಸ್ತಕವನ್ನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತಿದ್ದರು. ತಪ್ಪಿದಲ್ಲಿ ಮಗಳು ತಿದ್ದುತ್ತಿದ್ದಳು. ತಿದ್ದುವುದರಲ್ಲಿ ಅವಳಿಗೆ ನೋವು ಮರೆಯುತ್ತಿತ್ತು ಎಂದು ಬೇಕೆಂದೇ ಕೆಲವು ಕಡೆ ತಪ್ಪು ಓದುತ್ತಿದ್ದರಂತೆ. ಒಂದು ಬೆಳಿಗ್ಗೆ, ಓದುತ್ತಿರುವಾಗಲೇ, ತಿದ್ದುವುದು ನಿಂತುಹೋಯಿತು.

ಅವರು ಹೇಳಿದ ಪುಸ್ತಕ ನಮ್ಮ ಬೀರಿನಲ್ಲೂ ಇತ್ತು. ಕೊಟ್ಟೆ. ಮನೆಗೆ ಒಯ್ಯಲಿಲ್ಲ. ಕೋಣೆಯ ಹೊಸ್ತಿಲ ಮೇಲೇ ಕೂತು, ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ ಮಿಕ್ಕರ್ಧವನ್ನು ಮುಗಿಸಿದರು. ನಾನು ಊಟಕ್ಕೂ ಹೋಗದೆ ಕಾದೆ. ಮುಚ್ಚಿ ನನ್ನ ಕೈಗೆ ಕೊಟ್ಟು ಕೇಳಿದರು: “ಇದ ಬರ್ದವ್ರಿಗೆ ಮಕ್ಳಿದ್ವಾ?”

“ಗೊತ್ತಿಲ್ಲ ಅಕ್ಕ.”

“ಇದ್ದಿದ್ರೆ ಇಸ್ಟ್ ಬೇಗ ಮುಗಿಸ್ತಿರ್ಲಿಲ್ಲ.”

ಹೋದರು ಅಂದುಕೊಂಡೆ. ಮೆಟ್ಟಿಲಿಳಿದವರು ತಿರುಗಿ ಬಂದು ಇನ್ನೊಂದು ಪುಸ್ತಕ ಕೇಳಿದರು.

ಹೀಗೆ ಶುರುವಾದದ್ದು. ನಮ್ಮ ಮನೆಯಲ್ಲಿ ಬುಧವಾರ ಮಧ್ಯಾಹ್ನ ನಾಲ್ಕೈದು ಹೆಂಗಸರು ಸೇರಿ ಒಂದು ಪುಸ್ತಕ ಇಟ್ಟುಕೊಂಡು ಓದುವ ಪದ್ಧತಿ ಅವರಿಂದಲೇ ಹುಟ್ಟಿತು. ಪಕ್ಕದ ಬೀದಿಯ ರೇಷ್ಮೆ ಮಗ್ಗಗಳ ಸದ್ದಿನಲ್ಲಿ ಗಟ್ಟಿಯಾಗಿ ಓದಬೇಕಾಗುತ್ತಿತ್ತು. ಅಕ್ಕ ಕುರ್ಚಿಯಲ್ಲಿ ಕೂತವರಲ್ಲ. ಬಾಗಿಲ ಪಕ್ಕ ನೆಲದ ಮೇಲೆ, ಗೋಡೆಗೆ ಒರಗದೆ. ಬರಿಗೈಯಲ್ಲಿ ಬಂದವರೂ ಅಲ್ಲ, ಕಾಲಕ್ಕೆ ತಕ್ಕಂತೆ ಅವರೆಕಾಯೋ ಹಸಿ ಅರಿಶಿನವೋ ಸೆರಗಿನಲ್ಲಿ ಇರುತ್ತಿತ್ತು. ಬರುವಾಗ ಹೋಗುವಾಗ ಬಸ್ಸಿನಲ್ಲಿ ಓದುತ್ತಿದ್ದರು. ಒಂದು ಸಲ ನಾನೂ ಅವರ ಜೊತೆ ಹನೂರಿನವರೆಗೆ ಹೋಗಬೇಕಾಯಿತು. ಕಾಮಗೆರೆ ಹತ್ತಿರವಾದಾಗ ಅವರು ಪುಸ್ತಕ ಮುಚ್ಚಿ, ಸೀಟಿನಿಂದ ಎದ್ದು, ಕಂಬಿ ಹಿಡಿದು ನಿಂತರು. ಇಳೀತೀರಾ ಎಂದು ಕಂಡಕ್ಟರ್ ಕೇಳಿದ. “ಇಲ್ಲ ಕಣಪ್ಪ, ಸುಮ್ನೆ” ಅಂದರು. ಆಸ್ಪತ್ರೆ ದಾಟಿದ ಮೇಲೆ ಕೂತು ಮತ್ತೆ ಪುಸ್ತಕ ಬಿಚ್ಚಿದರು. ಪ್ರತಿ ಸಲವೂ ಹಾಗೆಯೇ ಎಂದು ಆಮೇಲೆ ಗೊತ್ತಾಯಿತು.

ಓದುವುದರಲ್ಲಿ ಅವರು ನಿಷ್ಠುರ. ಪ್ರಾರ್ಥನೆ ಮಾಡಿದರೆ ಎಂಥ ರೋಗವೂ ಗುಣವಾಗುತ್ತದೆ ಎಂದು ಹೇಳುವ ಒಂದು ಪುಸ್ತಕವನ್ನು ಯಾರೋ ದಾನ ಕೊಟ್ಟಿದ್ದರು. ಅಕ್ಕ ಅದನ್ನು ಓದಿ ತಂದು ನನ್ನ ಮುಂದಿಟ್ಟು, “ಇದ ಬೀರಲ್ಲಿ ಮಡಗ್ಬೇಡಿ. ನನ್ನಂಗಿರೋರು ನಂಬ್ಕೋತಾರೆ” ಅಂದರು. ನಾನು ಮಡಗಲಿಲ್ಲ. ಆತ್ಮದ ಬೆಳವಣಿಗೆಯನ್ನು ಮೆಟ್ಟಿಲು ಹತ್ತುವುದಕ್ಕೆ ಹೋಲಿಸಿದ ಇನ್ನೊಂದು ಪುಸ್ತಕ ಇತ್ತು. ಓದುತ್ತ ಓದುತ್ತ ಅಕ್ಕ ಕೈ ಎತ್ತಿ ತಡೆದರು.

“ಮೇಲೆ ಮೇಲೆ ಅಂತ್ಲೇ ಬರ್ದವ್ರೆ. ಅರಿಸ್ನ ಕೆಳಕ್ ಬೆಳೀತದೆ ಕಣವ್ವ. ಮೇಲ್ಗಡೆ ಎಲೆ ಒಣಗ್ತು ಅಂದ್ರೆ ಕೆಳಗಡೆ ಬಲ್ತದೆ ಅಂತ.”

“ಅದು ಅರಿಶಿನ, ಇದು ಆತ್ಮ” ಎಂದರು ಅರುಳಮ್ಮ. ಅವರು ಗಡಿಯ ಕಡೆಯ ತಮಿಳು ಹಳ್ಳಿಯಿಂದ ಬಂದವರು, ತಲೆಮಾರುಗಳಿಂದ ಚರ್ಚಿನ ಕುಟುಂಬ, ನಮ್ಮ ಗುಂಪಿನಲ್ಲಿ ಹಿರಿಯರು.

“ನಂಗ್ ಗೊತ್ತಿರೋದು ಅರಿಸ್ನ” ಅಂದರು ಅಕ್ಕ. ಅವರ ಮುಖದಲ್ಲಿ ನಗು ಕಂಡ ಕೆಲವೇ ಸಂದರ್ಭಗಳಲ್ಲಿ ಅದೊಂದು.

ದೇವರ ಮನೆಗೆ ಸೇರಿದವರ ಬಗ್ಗೆ ಒಂದು ಪುಸ್ತಕ ಓದುತ್ತಿದ್ದಾಗ ಅವರು, “ಸೇರ್ಬೇಕು ಅಂದ್ರೆ ಏನ್ ಮಾಡ್ಬೇಕು?” ಎಂದು ಕೇಳಿದರು. ಜ್ಞಾನಸ್ನಾನ ಪಡೆದು ಕ್ರೈಸ್ತರಾಗಬೇಕು ಎಂದು ನಾನು ಹೇಳಿದೆ. ಅಂದಿನ ಫಾದರ್ ಹತ್ತಿರ ನಾನೇ ಕರೆದುಕೊಂಡು ಹೋದೆ. ವಯಸ್ಸಾದವರು, ಒಳ್ಳೆಯವರು. ಅಕ್ಕನ ಮಾತನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸುತ್ತ, “ಸ್ವಲ್ಪ ತಡೀಬೇಕಮ್ಮ. ಕಾಲ ಸರಿಯಿಲ್ಲ. ನಿಮ್ಮ ಮನೆಯವರು ಒಂದು ಮಾತಂದರೆ ನಾಳೆ ಪೊಲೀಸರು ಇಲ್ಲಿಗೆ ಬರ್ತಾರೆ. ಎಲ್ಲರಿಗೂ ತೊಂದರೆ” ಅಂದರು.

“ಎಸ್ಟ್ ದಿಸ ತಡೀಲಿ ಸಾಮಿ?”

“ದೇವರು ದಾರಿ ತೋರಿಸ್ತಾನೆ.”

ಹೊರಗೆ ಬಂದ ಮೇಲೆ ಅಕ್ಕ, “ಅವ್ರೂ ಎದ್ರುತಾರೆ, ಪಾಪ” ಅಂದರು. ಅವರು ತಡೆದರು. ಆ ಫಾದರ್ ವರ್ಗವಾಗಿ ಹೋದರು, ಇನ್ನೊಬ್ಬರು ಬಂದರು, ಅವರೂ ತಡೆಯಲು ಹೇಳಿದರು. ಭಾನುವಾರ ಪೂಜೆಯಲ್ಲಿ ಎಲ್ಲರೂ ಪರಮಪ್ರಸಾದಕ್ಕೆ ಸಾಲುಗಟ್ಟಿದಾಗ ಅಕ್ಕ ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂತಿರುತ್ತಿದ್ದರು. ಹತ್ತು ಹೆಜ್ಜೆ ಮುಂದೆ ಬರಬಾರದೇ ಎಂದು ನನಗೆ ಅನ್ನಿಸುತ್ತಿತ್ತು. ಜ್ಞಾನಸ್ನಾನವಿಲ್ಲದೆ ಬರುವಂತಿರಲಿಲ್ಲ.

ಕರಡಿಗೆಯ ಮಾತು ತೆಗೆದದ್ದು ಅರುಳಮ್ಮ. ಒಂದು ಬುಧವಾರ ಎಲ್ಲರ ಮುಂದೆಯೇ, “ಅದ ಕಳಚಿಟ್ಟು ಬಾಮ್ಮ. ಎರಡು ದೋಣೀಲಿ ಕಾಲಿಟ್ಟು ಎಷ್ಟು ದೂರ ಹೋಗ್ತೀಯ? ನಿನಗೆ ಜ್ಞಾನಸ್ನಾನ ಸಿಗದೆ ಇರೋದು ಅದಕ್ಕೇ” ಅಂದರು.

ಅಕ್ಕ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. “ನಾ ಹುಟ್ಟಿದಾಗ ನಮ್ಮವ್ವ ಅಯ್ಯನೋರ್ ಕೈಲಿ ಕಟ್ಟಿಸಿದ್ದು. ಅವ್ವ ಸತ್ತೋದ್ಲು. ಈಗ ಬಿಚ್ಚಿ ಯಾರ್ ಕೈಗ್ ಕೊಡ್ಲಿ?”

ಅರುಳಮ್ಮನ ಮನಸ್ಸು ತಿರುಗಲಿಲ್ಲ. ಅವತ್ತಿನಿಂದ ಅವರು ಅಕ್ಕನ ಪಕ್ಕ ಕೂರುವುದನ್ನು ಬಿಟ್ಟರು.

ಅತ್ತ ಹಳ್ಳಿಯಲ್ಲಿ ಬೇರೆ ತೊಂದರೆ ಶುರುವಾಗಿತ್ತು. ಅಕ್ಕನ ಗಂಡ ತೀರಿಕೊಂಡಿದ್ದರು; ಮನೆ ಮಗನ ಕೈಯಲ್ಲಿತ್ತು. ಪಕ್ಕದ ಮನೆಯಲ್ಲಿ ಗಂಡ ನೇಣು ಹಾಕಿಕೊಂಡ ಒಬ್ಬ ಹೆಂಗಸು ಮಾತು ಬಿಟ್ಟು ಕೂತಿದ್ದಳು. ಮಧ್ಯಾಹ್ನದ ಹೊತ್ತು ಅಕ್ಕ ಅವಳ ಜಗಲಿಯಲ್ಲಿ ಕೂತು ಪುಸ್ತಕ ಓದಿ ಹೇಳುತ್ತಿದ್ದರು. ಅಷ್ಟೇ. ಊರಿನಲ್ಲಿ ಅದು, ಇವರು ಜಾತಿ ಕೆಡಿಸುತ್ತಾರೆ ಎಂದಾಯಿತು. ಕೆಲವು ಹುಡುಗರು ಬೈಕಿನಲ್ಲಿ ಬಂದು ಮನೆ ಮುಂದೆ ನಿಂತು ಮಗನನ್ನು ಹೊರಗೆ ಕರೆದರು. ಹಿರಿಯರು, ನಿನ್ನ ಮಗಳಿಗೆ ಗಂಡು ಹೇಗೆ ತರುತ್ತೀಯೋ ನೋಡುತ್ತೇವೆ ಅಂದರು. ಆ ಬುಧವಾರ ಅಕ್ಕ ಬಂದಾಗ ಕೈಯಲ್ಲಿ ಪುಸ್ತಕವಿರಲಿಲ್ಲ.

“ನೀರ್ ಕಾಯ್ಸೋ ಒಲೆಗ್ ಆಕ್ದ” ಅಂದರು. “ದಿನಕ್ಕೊಂದು. ನಾ ನೋಡ್ಲಿ ಅಂತ್ಲೇ ಒಂದೊಂದಾಗ್ ಆಕ್ದ. ಆಮೇಲೆ, ಅವ್ವ ನೀರ್ ಕಾದದೆ ಬಾ ಅಂದ.”

“ನೀವೇನು ಮಾಡಿದ್ರಿ?”

“ಮಿಂದೆ. ಏನ್ ಮಾಡ್ಲಿ, ನೀರ್ ಬಿಸಿಯಾಗಿತ್ತು.” ಮತ್ತೆ ಅಂದರು: “ಓದಿದ್ದೆಲ್ಲ ಓಗ್ಲಿ. ಓದ್ದೆ ಇದ್ದದ್ದು ಎರಡಿತ್ತು. ಅದೇ ಸಂಕಟ.”

ಮಗನ ಮೇಲೆ ಅವರಿಗೆ ಕೋಪವಿತ್ತೋ ಇಲ್ಲವೋ ತಿಳಿಯಲಿಲ್ಲ. ಅವನನ್ನು ಬೈದದ್ದನ್ನು ನಾನು ಕೇಳಲಿಲ್ಲ. ಆದರೆ ಆ ಮನೆಯಲ್ಲಿ ಅವರು ಮತ್ತೆ ಊಟ ಮಾಡಲಿಲ್ಲ. ಯಳಂದೂರಿನ ತಮ್ಮನ ಮನೆಗೆ ಹೋದರು. ತಮ್ಮನದು ಬೀಜ, ಗೊಬ್ಬರದ ಅಂಗಡಿ. ಹೆಚ್ಚು ಮಾತಿಲ್ಲದ ಮನುಷ್ಯ. ಅಕ್ಕನಿಗೆ ಹಿಂದಿನ ಕೋಣೆ ಬಿಟ್ಟುಕೊಟ್ಟ, ಪುಸ್ತಕದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಎದೆಯಲ್ಲಿ ಗಂಟು ಇರುವುದನ್ನು ಅಕ್ಕ ಯಾರಿಗೂ ಹೇಳಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಒಡೆದಿತ್ತು. ಮೈಸೂರಿನಲ್ಲಿ ತೋರಿಸಿದರು. ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ನಾನು ಆಗ ನಿವೃತ್ತಳಾಗಿದ್ದೆ. ಯಳಂದೂರಿಗೆ ಹೋಗಿ ಅವರ ಮಂಚದ ಪಕ್ಕ ಕೂತು ಓದುತ್ತಿದ್ದೆ. ಆ ಎತ್ತರದ ಹೆಂಗಸು ಚಿಕ್ಕ ಹುಡುಗಿಯಷ್ಟಾಗಿದ್ದರು. ಕೋಣೆಯಲ್ಲಿ ವಾಸನೆ. ತಮ್ಮನ ಹೆಂಡತಿ ಊದುಬತ್ತಿ ಹಚ್ಚಿಟ್ಟು ಹೋಗುತ್ತಿದ್ದಳು. ನಾನು ಓದಿದ್ದು ಅವರಿಗೆ ಕೇಳಿಸುತ್ತಿತ್ತೋ ಏನೋ, ಕಣ್ಣು ಮುಚ್ಚಿಯೇ ಇರುತ್ತಿದ್ದರು.

ಒಂದು ದಿನ ನಾನು ಹೇಳಿದೆ, “ಅಕ್ಕ, ಪ್ರಾಣಕ್ಕೆ ಅಪಾಯ ಇರುವಾಗ ಫಾದರೇ ಬೇಕು ಅಂತಿಲ್ಲ. ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ನಾನೇ ಕೊಡಬಹುದು. ನೀರು ಸಾಕು.”

ಅವರು ಕಣ್ಣು ಬಿಟ್ಟರು. “ಆಮೇಲೆ ಎಲ್ಲಿ ಮಣ್ಣ್ ಮಾಡ್ತೀರಿ?”

ನಾನು ಅದನ್ನು ಯೋಚಿಸಿರಲಿಲ್ಲ. ಕೇಳಿಕೊಂಡು ಬರುತ್ತೇನೆ ಅಂದೆ. ಚರ್ಚಿನ ಹಿರಿಯರನ್ನು ಕೇಳಿದೆ. ಅವರು ಕೂತು ಮಾತಾಡಿದರು. ಮನೆಯವರು ಒಪ್ಪಿ ಬಂದು ಹೇಳಿದರೆ ನೋಡೋಣ, ಇಲ್ಲದಿದ್ದರೆ ಹೆಣ ಇಟ್ಟುಕೊಂಡು ಜಗಳವಾಗುತ್ತದೆ, ಬೇಡ ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದನ್ನೇ ಒಯ್ದು ಅಕ್ಕನಿಗೆ ಹೇಳಿದೆ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಒದ್ದಾಡಿದ್ದೆ.

“ಕೊಟ್ರೂ ನಾ ಬರ್ತಿರ್ಲಿಲ್ಲ ಕಣವ್ವ” ಅಂದರು. “ಮಗಳ್ನ ಬುಟ್ಟು ಎಂಗ್ ಬರ್ಲಿ?”

ಮಗಳನ್ನು ಹೂತಿದ್ದು ಗಂಡನ ಮನೆಯ ಹೊಲದಲ್ಲಿ. ಆಗಲೇ ಅಕ್ಕ ತಮ್ಮನನ್ನು ಕಳಿಸಿ, ಮಗಳ ಪಕ್ಕ ಜಾಗ ಕೊಡುತ್ತೀಯಾ ಎಂದು ಮಗನನ್ನು ಕೇಳಿಸಿದ್ದರು. ಮಗ ಊರ ಹಿರಿಯರನ್ನು ಕೇಳಿದ. ಬರಲಿ, ಆದರೆ ಅಯ್ಯನೋರನ್ನು ಕರೆಸಿ ಎಲ್ಲರ ಎದುರಿಗೆ ಅವರ ಪಾದ ತೊಳೆದ ನೀರು, ಪಾದೋದಕ, ತಕ್ಕೊಳ್ಳಲಿ, ಆ ಪುಸ್ತಕದ ಸಹವಾಸ ಬಿಟ್ಟೆ ಎಂದು ಬಾಯಿಬಿಟ್ಟು ಹೇಳಲಿ, ಇಲ್ಲದಿದ್ದರೆ ಊರ ಮಣ್ಣಿಗೆ ಬರುವುದು ಬೇಡ ಎಂದು ಅವರು ಹೇಳಿದ್ದರು.

“ಹೇಳ್ತೀರಾ?” ಎಂದೆ.

“ಏಳ್ತೀನಿ.”

“ಅದು ಸುಳ್ಳಲ್ವಾ ಅಕ್ಕ?”

“ಸುಳ್ಳೇ” ಅಂದರು. “ಯೇಸಪ್ಪ ಎಲ್ಗ್ ಬೇಕಾರೂ ಬತ್ತಾನೆ. ಮಗ್ಳು ಬರಕಿಲ್ಲ. ನಾನೇ ಓಗ್ಬೇಕು.”

ತಮ್ಮನೇ ಕಾರು ಮಾಡಿಕೊಂಡು ಅವರನ್ನು ಹಳ್ಳಿಗೆ ಕರೆದೊಯ್ದ. ನಾನು ಹೋಗುವಂತಿರಲಿಲ್ಲ. ಅಂಗಳದಲ್ಲಿ ಊರವರು ಸೇರಿದ್ದರು, ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಹಿಂದಿನಿಂದ ಸೊಸೆ ಹಿಡಿದುಕೊಂಡಿದ್ದಳು, ಅಯ್ಯನೋರು ಪಾದೋದಕ ಕೊಟ್ಟರು, ಅಕ್ಕ ಕುಡಿದರು, ಕೇಳಿದ ಮಾತನ್ನು ಹೇಳಿದರು, ಎಲ್ಲ ಮುಗಿಯಿತು ಎಂದು ಅಕ್ಕನ ತಮ್ಮ ಫೋನಿನಲ್ಲಿ ತಿಳಿಸಿದ.

ಸುದ್ದಿ ಕೊಳ್ಳೇಗಾಲಕ್ಕೂ ಬಂತು. “ಕಡೇಗೆ ಬಿಟ್ಟು ಹೋದಳಲ್ಲ. ನಾನು ಮೊದಲೇ ಹೇಳಿರಲಿಲ್ವಾ” ಎಂದರು ಅರುಳಮ್ಮ. ಅವರ ಕಣ್ಣಲ್ಲಿ ನೀರಿತ್ತು, ಅದು ನಿಜವಾದ ದುಃಖ. ಆಮೇಲೆ ಅವರು ಬುಧವಾರ ಬರಲಿಲ್ಲ. ಅವರ ಹಿಂದೆ ಇನ್ನಿಬ್ಬರೂ ಬರುವುದು ನಿಲ್ಲಿಸಿದರು.

ಆ ವಾರ ಕಳೆಯುವ ಮೊದಲೇ ಅಕ್ಕ ಹೋದರು. ಮಣ್ಣಿಗೆ ಬನ್ನಿ ಎಂದು ತಮ್ಮ ಹೇಳಿದ. ಶಾಗ್ಯದಲ್ಲಿ ಬಸ್ಸಿಳಿದು ನಡೆದು ಹೋದೆ. ಹೆಂಗಸರ ಗುಂಪಿನಲ್ಲಿ, ಹೊಲದ ಬದುವಿನ ಮೇಲೆ ನಿಂತೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಅಕ್ಕನನ್ನು ಅವರ ಪದ್ಧತಿಯಂತೆ ಕೂತ ಭಂಗಿಯಲ್ಲಿ, ಹೂವಿನ ಅಲಂಕಾರ ಮಾಡಿ ಹೊತ್ತು ತಂದರು. ಅಲ್ಲಿ ಒಂದು ತಕರಾರು ಎದ್ದಿತು. ಗುಂಡಿ ತೋಡಿದ್ದ ಜಾಗ ನೋಡಿ ಒಬ್ಬ ಹಿರಿಯರು ಮಗನ ಮೇಲೆ ರೇಗಿದರು.

“ಅಲ್ಲಿ ನಿಮ್ಮಪ್ಪನ್ ಗದ್ದುಗೆ ಅದೆ. ಅದ್ರ ಪಕ್ಕ ಬುಟ್ಟು ಇಲ್ಯಾಕ್ಲಾ ತೋಡ್ಸಿದ್ದೀಯ? ಮದ್ವೆ ಆಗ್ದಿರೋ ಮಗೀನ್ ಪಕ್ಕ ಮುತ್ತಾತ್ನ ಕಾಲ್ದಿಂದ ಯಾರ್ನಾರ ಮಡಗವ್ರಾ?”

“ನಾ ಮಾತ್ ಕೊಟ್ಟಿವ್ನಿ” ಅಂದ ಮಗ.

“ಯಾರ್ಗ್ ಕೊಟ್ಟಿದ್ದೀಯ? ಸತ್ತೋರ್ಗಾ?”

“ಬದ್ಕಿದ್ದಾಗ ಕೊಟ್ಟಿದ್ದು. ಗುಂಡಿ ಇಲ್ಲೇ.”

ಅವನು ಅಲ್ಲಿಂದ ಕದಲಲಿಲ್ಲ. ಹಿರಿಯರು ಟವಲು ಕೊಡವಿಕೊಂಡು ಪಕ್ಕಕ್ಕೆ ಸರಿದರು. ಅಯ್ಯನೋರು ಮಂತ್ರ ಹೇಳಿದರು. ಕರಡಿಗೆಯಿಂದ ಲಿಂಗ ತೆಗೆದು ಅಕ್ಕನ ಎಡಗೈಯಲ್ಲಿಟ್ಟರು. ವಿಭೂತಿ, ಬಿಲ್ವಪತ್ರೆ, ಆಮೇಲೆ ಮಣ್ಣು. ಪಕ್ಕದ ಸಣ್ಣ ದಿಬ್ಬದ ಮೇಲೆ ಹುಲ್ಲು ಬೆಳೆದಿತ್ತು. ಹೊಸ ಮಣ್ಣು ಅದರ ಮೇಲೂ ಸ್ವಲ್ಪ ಬಿತ್ತು. ನಾನು ಬಾಯಿ ಅಲ್ಲಾಡಿಸದೆ ನನಗೆ ತಿಳಿದ ಪ್ರಾರ್ಥನೆ ಹೇಳಿಕೊಂಡೆ.

ಎಲ್ಲರೂ ಹೊರಟ ಮೇಲೆ ಮಗ ನನ್ನ ಹಿಂದೆ ಬಂದ. ಹೆಚ್ಚೆಂದರೆ ಒಂದೆರಡು ಸಲ ನೋಡಿದ್ದ ಮುಖ. ಬೈಯಲು ಬಂದನೇನೋ ಅಂದುಕೊಂಡೆ. ಬಸ್ಸಿನವರೆಗೆ ಬಿಡುತ್ತೇನೆ ಅಂದ. ಶಾಗ್ಯದ ಬಸ್ ನಿಲ್ದಾಣದಲ್ಲಿ ನಿಂತ ಮೇಲೆ, ನನ್ನ ಕಡೆ ನೋಡದೆ ಅಂದ:

“ಅವತ್ತು ನಮ್ಮವ್ವ ಬುಟ್ಟೆ ಅನ್ನಲಿಲ್ಲ ಟೀಚರಮ್ಮ.”

ನನಗೆ ಅರ್ಥವಾಗಲಿಲ್ಲ.

“ಎಲ್ರೂ ಬುಟ್ಟೆ ಅಂತ ಏಳು ಏಳು ಅಂದ್ರು. ದನಿ ಇರ್ಲಿಲ್ಲ, ಅದ್ಕೆ ನಾ ಬಾಯ್ ಹತ್ರ ಕಿವಿ ಮಡಗ್ದೆ. ಏನೂ ಅನ್ನಲಿಲ್ಲ. ನನ್ನೇ ನೋಡ್ತಿದ್ಲು. ನಾನೇ ಎದ್ದ್ ನಿಂತು, ಅಂದ್ಲು, ಬುಟ್ಟೆ ಅಂದ್ಲು ಅಂತ ಊರ್ಗೇಳ್ದೆ.”

ಬಸ್ಸು ದೂರದಲ್ಲಿ ಕಾಣಿಸಿತು.

“ಅನ್ನೋಕೆ ಆಗ್ಲಿಲ್ವೋ, ಅನ್ನಲ್ಲ ಅಂತ್ಲೋ, ಅದೊಂದ್ ಗೊತ್ತಾಗ್ತಿಲ್ಲ. ನಿದ್ದೆ ಬರಕಿಲ್ಲ. ನಿಮ್ಗೇನಾರ ಏಳಿದ್ಲಾ?”

ನನಗೆ ಹೇಳಿದ್ದರು. ಹೇಳುತ್ತೇನೆ ಅಂದಿದ್ದರು, ಅದು ಸುಳ್ಳು ಎಂದೂ ಅಂದಿದ್ದರು. ಅದಾದ ಮೇಲೆ ಅಂಗಳದಲ್ಲಿ, ಮಗನ ಕಿವಿ ಅಷ್ಟು ಹತ್ತಿರವಿದ್ದಾಗ ಅವರ ಮನಸ್ಸಿನಲ್ಲಿ ಏನಿತ್ತೋ, ಅದು ನನಗೂ ಗೊತ್ತಿರಲಿಲ್ಲ.

“ಇಲ್ಲಪ್ಪ” ಅಂದೆ.

ಅವನು ತಲೆಯಾಡಿಸಿದ. ಮುಂದೆ ಹೋಗಿ ರಸ್ತೆಯಲ್ಲಿ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿದ. ನಾನು ಹತ್ತಿ ಕೂತ ಮೇಲೂ ಕಿಟಕಿಯ ಕೆಳಗೇ ನಿಂತಿದ್ದ, ಇನ್ನೂ ಏನೋ ಹೇಳುವವನಂತೆ. ಬಸ್ಸು ಹೊರಟಿತು.